ಏಳು ತಿಂಗಳವಳು

ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಎಲ್ಲಿ ಬಚ್ಚಿಡುವುದು ಎಂಬುದು ಬೆಳಗಿನಿಂದ ಅವಳ ತಲೆ ತಿನ್ನುತ್ತಿತ್ತು. ಕನ್ನಡಕದ ಅಂಗಡಿಯೆಂದರೆ ಏನನ್ನೂ ಬಚ್ಚಿಡಲಾಗದ ಜಾಗ. ಗೋಡೆಗೆಲ್ಲ ಕನ್ನಡಿ, ಕನ್ನಡಿಗಳ ನಡುವೆ ಗಾಜಿನ ಕಪಾಟು, ಕಪಾಟಿನೊಳಗೆ ದೀಪ. ಬಾಗಿಲಲ್ಲಿ ಒಬ್ಬರು ಮೂಗು ಒರೆಸಿಕೊಂಡರೆ ಒಳಗೆ ನಾಲ್ಕು ಕಡೆ ಮೂಗು ಒರೆಸಿಕೊಂಡಂತೆ ಕಾಣುತ್ತಿತ್ತು. ಕೊನೆಗೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ, ಗಿರಾಕಿ ಕೂರುವ ಎತ್ತರದ ಕುರ್ಚಿಯ ಹಿಂದೆ, ಬಟ್ಟೆಯ ಚೀಲದಲ್ಲಿ ಐಸಿನ ಪೊಟ್ಟಣಗಳ ನಡುವೆ ಅದನ್ನು ಕೂರಿಸಿದ್ದಳು. ಬೆಳಗ್ಗೆ ಏಳರಿಂದ ಮಾರನೇ ಬೆಳಗ್ಗೆ ಏಳರವರೆಗೆ. ಮೊದಲಿನದು ಚೆಲ್ಲಿ, ಆಮೇಲಿನದು ಒಂದು ಹನಿಯೂ ಆಚೆ ಹೋಗಬಾರದು, ತಣ್ಣಗಿಡಿ ಎಂದು ಆಸ್ಪತ್ರೆಯ ಲ್ಯಾಬಿನವನು ಬಸ್ಸಿನ ವೇಳಾಪಟ್ಟಿ ಓದುವವನ ಹಾಗೆ ಹೇಳಿದ್ದ. ರಜೆಯ ದಿನ ಮಾಡಬಹುದಿತ್ತು. ರಜೆ ಇನ್ನೂ ಐದು ದಿನ ದೂರವಿತ್ತು, ಅಲ್ಲಿಯವರೆಗೆ ಕಾಯುವ ತಾಳ್ಮೆ ಅವಳ ಜಾಯಮಾನದಲ್ಲೇ ಇರಲಿಲ್ಲ. ಹುಟ್ಟಿದ್ದೇ ಅವಸರದಲ್ಲಿ ಎಂದು ನೆಂಟರಿಷ್ಟರಿಗೆಲ್ಲ ಅವಳು ‘ಅರ್ಜೆಂಟು’. ನಲವತ್ತೆರಡು ತುಂಬಿ ಕಿವಿಯ ಮೇಲೆ ನರೆ ಬಂದ ಮೇಲೂ ಅರ್ಜೆಂಟು.

ಮಾಲೀಕರು ಲೆನ್ಸಿನ ಅಂಚು ಸವೆಸುವ ಯಂತ್ರ ನಿಲ್ಲಿಸಿ ಟಾರ್ಚು ಹುಡುಕಲು ಕತ್ತಲೆ ಕೋಣೆಗೆ ಬಂದವರು ಚೀಲ ಕಂಡು ಬಗ್ಗಿದರು. “ಏನಮ್ಮಾ, ಲೆನ್ಸ್ ತೊಳೆಯೋ ದ್ರಾವಣ ಬಂದೇಬಿಡ್ತಾ? ನನಗೆ ಹೇಳೋದಲ್ವಾ?”

“ಅದಲ್ಲ ಸಾರ್. ಅದು ನನ್ನದು.”

“ನಿನ್ನದು ಅಂದ್ರೆ?”

“ನನ್ನದೇ ಸಾರ್. ಆಸ್ಪತ್ರೆಗೆ ಕೊಡೋದು.”

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡು, “ಓಹೋ, ಸರಿ ಸರಿ, ಇರಲಿ, ಇರಲಿ,” ಎನ್ನುತ್ತ ಟಾರ್ಚನ್ನೂ ಬಿಟ್ಟು ಹೊರಟುಹೋದರು. ಆಮೇಲೆ ಹೊರಗೆ ಕೈ ತೊಳೆಯುವ ಸದ್ದು ಕೇಳಿಸಿತು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಮುಟ್ಟಿಯೇ ಇರಲಿಲ್ಲವಲ್ಲ ಮಹಾರಾಯ ಎಂದುಕೊಂಡಳು. ಒಳ್ಳೆಯ ಮನುಷ್ಯರೇ. ಅವಳ ತಲೆನೋವಿಗೆ ಕಾರಣ ಕಣ್ಣಲ್ಲ ಎಂದು ಮೊದಲು ಹೇಳಿದ್ದು ಅವರೇ. ಎರಡು ವರ್ಷದಲ್ಲಿ ತನ್ನ ಕಣ್ಣನ್ನು ತಾನೇ ಮೂರು ಸಲ ಪರೀಕ್ಷಿಸಿಕೊಂಡು ಮೂರು ಕನ್ನಡಕ ಬದಲಿಸಿದ್ದಳು; ಪ್ರತಿ ಸಲವೂ ವಾರದ ಮಟ್ಟಿಗೆ ಲೋಕ ಚೊಕ್ಕವಾಗಿ ಕಂಡು, ಆಮೇಲೆ ಹಿಂದಲೆಯಲ್ಲಿ ಅದೇ ಭಾರ. ದಿನಕ್ಕೆ ಎರಡು ನೋವಿನ ಮಾತ್ರೆ, ಗಿರಾಕಿಗಳು ಜಾಸ್ತಿಯಿದ್ದರೆ ಮೂರು. “ಕಣ್ಣಿನ ತಪ್ಪಿಲ್ಲ, ಹೋಗಿ ಬಿ.ಪಿ. ನೋಡಿಸು,” ಎಂದು ಮಾಲೀಕರು ಗದರಿದ ಮೇಲೆ ಹೋಗಿ ನೋಡಿಸಿದರೆ, ನೋಡಿದ ನರ್ಸು ಯಂತ್ರ ಕೆಟ್ಟಿದೆಯೆಂದು ಇನ್ನೊಂದು ಯಂತ್ರ ತಂದಳು. ಅದೂ ಅಷ್ಟನ್ನೇ ಹೇಳಿತು. ಅಲ್ಲಿಂದ ಶುರುವಾಯಿತು ಈ ಅಲೆದಾಟ: ರಕ್ತ, ಮೂತ್ರ, ಮತ್ತೆ ರಕ್ತ, ಹೊಟ್ಟೆಯ ಮೇಲೆ ತಣ್ಣನೆ ಅಂಟು ಸವರಿ ಸ್ಕ್ಯಾನು, ಕಡೆಗೆ ಕಿಡ್ನಿ ಡಾಕ್ಟರು, ಈಗ ಇಡೀ ಒಂದು ದಿನದ ಮೂತ್ರ ಹಿಡಿದಿಡುವ ಈ ಕ್ಯಾನು.

ಎತ್ತರದ ಕುರ್ಚಿಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದು ಕೂತರು. ಅವಳು ಲೆನ್ಸು ಇಡುವ ಮೊದಲೇ ಕೊನೆಯ ಸಾಲನ್ನು ಗಡಗಡ ಓದಿ ಮುಗಿಸಿದರು. ಹೋದ ಸಲ ಬಂದಾಗ ಬಾಯಿಪಾಠ ಮಾಡಿಕೊಂಡಿದ್ದರು. ಅವಳು ಗುಂಡಿಯೊತ್ತಿ ಅಕ್ಷರ ಬದಲಿಸಿದಳು. “ಇದು ಹೋದ ಸಲದ ಬೋರ್ಡಲ್ಲ,” ಎಂದು ಅವರು ತಕರಾರು ತೆಗೆದರು. “ಅಲ್ಲ ಸಾರ್. ಕಾಣೋದು ಮಾತ್ರ ಹೇಳಿ.” “ಕಾಣೋದೇ ಹೇಳ್ತಿದೀನಿ!” “ಇನ್ನೂ ಅಕ್ಷರ ಬಂದೇ ಇರಲಿಲ್ಲ ಸಾರ್, ನೀವು ಓದಿಬಿಟ್ರಿ.” ಹದಿನೆಂಟು ವರ್ಷದಲ್ಲಿ ಅವಳು ಕಂಡುಕೊಂಡದ್ದು ಇದು: ಕಾಣುವುದಿಲ್ಲ ಎನ್ನಲು ಜನಕ್ಕೆ ಎಲ್ಲಿಲ್ಲದ ನಾಚಿಕೆ. ಕೊಂಚ ಮಸುಕಾದರೆ ಸಾಕು, ಊಹೆ ಮಾಡಿ ಹೇಳುತ್ತಾರೆ, ಊಹಿಸಿದ್ದನ್ನು ಕಂಡದ್ದೆಂದು ಆಣೆ ಇಟ್ಟು ನಂಬಿಸುತ್ತಾರೆ. ಬೇರೆಯವರ ವಿಷಯದಲ್ಲಿ ಇದೆಲ್ಲ ಎಷ್ಟು ಚೆನ್ನಾಗಿ ತಿಳಿಯುತ್ತಿತ್ತು ಅವಳಿಗೆ. ಮೊನ್ನೆ ಕಿಡ್ನಿ ಡಾಕ್ಟರ ಎದುರು ತಾನೇ ಹಾಗೆ ಕೂತು, ಕಾಣದ್ದನ್ನು ಕಂಡವಳಂತೆ ಹೇಳಿ, ಮೇಲಿಂದ ಕಿಸಕ್ಕನೆ ನಕ್ಕೂ ಇದ್ದಳು.

ಆ ನಗು ನೆನೆದರೆ ಈಗಲೂ ಮೈ ಮುದುಡುತ್ತದೆ. ಡಾಕ್ಟರು ಅವಳಿಗಿಂತ ಕಿರಿಯ ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು, ಮೇಜಿನ ಮೇಲೆ ಆರಿಹೋದ ಚಹಾ. ಕಾಗದಗಳನ್ನೆಲ್ಲ ತಿರುವಿ ಹಾಕಿ, “ನೀವು ಹುಟ್ಟುವಾಗ ತಿಂಗಳು ತುಂಬಿತ್ತಾ?” ಎಂದು ಕೇಳಿದರು.

“ಏಳು ತಿಂಗಳಿಗೆ ಹುಟ್ಟಿದ್ದು ಅಂತಾರೆ ಮೇಡಂ. ಆದ್ರೆ ಅದು ಸುಮ್ನೆ ಹೇಳೋದು…” ಎಂದು ಅವಳು ನಕ್ಕಳು. ಡಾಕ್ಟರು ನಗಲಿಲ್ಲವೆಂದು ಬಿಡಿಸಿ ಹೇಳಲು ಹೋದಳು. “ಅಪ್ಪ ಅಮ್ಮನ ಮದುವೆಗೂ ನಾನು ಹುಟ್ಟಿದ್ದಕ್ಕೂ ಏಳೇ ತಿಂಗಳು. ಅದೂ ಹತ್ತು ದಿನ ಕಮ್ಮಿ. ಅದಕ್ಕೇ ಹಾಗಂತಾರೆ. ಗೊತ್ತಲ್ಲ ಮೇಡಂ.”

“ಯಾರು ಹಾಗಂತಾರೆ?”

“ಅಮ್ಮ.”

“ಅಮ್ಮನಿಗೆ ಗೊತ್ತಿರಲ್ವಾ?”

ಇಷ್ಟು ಸರಳವಾದ ಪ್ರಶ್ನೆಯನ್ನು ಈ ಜನ್ಮದಲ್ಲಿ ಅವಳು ಕೇಳಿಕೊಂಡೇ ಇರಲಿಲ್ಲ. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಬೂದು ಬಣ್ಣದ ಮಂಜಿನಲ್ಲಿ ಎರಡು ಆಕಾರ. “ಹತ್ತು ಹನ್ನೊಂದು ಸೆಂಟಿಮೀಟರ್ ಇರಬೇಕು. ನಿಮ್ಮದು ಎಂಟೂವರೆ. ಎರಡೂ. ಕಲ್ಲಿಲ್ಲ, ಗಾಯದ ಗುರುತಿಲ್ಲ, ಎಲ್ಲೂ ಕಟ್ಟಿಕೊಂಡಿಲ್ಲ. ಕಾಯಿಲೆಯಿಂದ ಕುಗ್ಗಿದ ಹಾಗೆ ಕಾಣಲ್ಲ. ಮೊದಲಿಂದಲೂ ಚಿಕ್ಕವೇ ಅನ್ಸುತ್ತೆ.” ಸೀನು ಬಂತು, ಕರವಸ್ತ್ರ ಹುಡುಕಿದರು. “ಕಿಡ್ನಿ ಒಳಗೆ ರಕ್ತ ಸೋಸೋ ಪುಟಾಣಿ ಜರಡಿಗಳಿರ್ತವೆ, ಲಕ್ಷಗಟ್ಟಲೆ. ಅವು ತಯಾರಾಗೋದು ತಾಯಿ ಹೊಟ್ಟೇಲಿ, ಅದರಲ್ಲೂ ಕೊನೇ ತಿಂಗಳುಗಳಲ್ಲಿ ಹೆಚ್ಚು. ಮಗು ಬೇಗ ಹುಟ್ಟಿಬಿಟ್ರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಆಮೇಲೆ ಹೊಸ ಜರಡಿ ಬರಲ್ಲ. ಇರೋವೇ ಎಲ್ಲರ ಪಾಲಿನ ಕೆಲಸಾನೂ ಮಾಡ್ಬೇಕು. ಮೂವತ್ತು ನಲವತ್ತು ವರ್ಷ ಗೊತ್ತೇ ಆಗಲ್ಲ. ಆಮೇಲೆ ಒಂದೊಂದೇ ಸೋತು ಬಿ.ಪಿ. ಏರುತ್ತೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತೆ. ಬೇಗ ಹುಟ್ಟಿದವರಿಗೆಲ್ಲ ಹೀಗಾಗಲ್ಲ. ನಿಮಗೆ ಇದೇ ಕಾರಣ ಅಂತ ಪಕ್ಕಾ ಹೇಳೋಕೂ ಆಗಲ್ಲ. ಆದ್ರೆ ನಿಮ್ಮಮ್ಮ ಹೇಳೋದು ನಿಜ ಇದ್ರೆ ಈ ಚಿತ್ರಕ್ಕೆ ಹೊಂದುತ್ತೆ.” ಒಂದು ಕಾಗದದ ಮೇಲೆ ನಾಲ್ಕು ಪ್ರಶ್ನೆ ಬರೆದುಕೊಟ್ಟರು. ಎಷ್ಟು ವಾರಕ್ಕೆ ಹುಟ್ಟಿದ್ದು, ಎಷ್ಟು ತೂಕ, ಆಸ್ಪತ್ರೆಯಲ್ಲಿ ಎಷ್ಟು ದಿನ, ಏನೇನು ಮದ್ದು. “ಅಮ್ಮನ ಹತ್ರ ಕೇಳಿ ತುಂಬಿಸ್ಕೊಂಡು ಬನ್ನಿ. ನೋವಿನ ಮಾತ್ರೆ ಇವತ್ತಿಂದ ಬಂದ್.”

ಆ ಕಾಗದ ಎರಡು ದಿನದಿಂದ ಅವಳ ಕೈಚೀಲದಲ್ಲಿ ಮಡಿಚಿಕೊಂಡೇ ಇತ್ತು. ಅಮ್ಮ ಇರುವುದು ಅದೇ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಪರಸ್ಪರರ ಕೆಮ್ಮು ಎಣಿಸುವಷ್ಟು ಹತ್ತಿರ. ಒಂಬತ್ತು ವರ್ಷದ ಹಿಂದೆ ಸಂಸಾರ ಮುರಿದುಕೊಂಡು ಸೂಟ್‌ಕೇಸು ಹಿಡಿದು ಬಂದಾಗ ಅಮ್ಮ ಬಾಗಿಲು ತೆಗೆದು, ಸೂಟ್‌ಕೇಸಿನ ಚಕ್ರಕ್ಕೆ ಮೆತ್ತಿದ್ದ ಕೆಸರು ನೋಡಿ, “ಒರೆಸ್ಕೊಂಡು ಒಳಗೆ ಬಾ,” ಅಂದಿದ್ದಳು, ಅಷ್ಟೇ. ನಾನು ಆಗಲೇ ಹೇಳಿದ್ದೆ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆಮೇಲೆ ಗಂಡನಾದ ಇದೇ ಮನುಷ್ಯನ ಜೊತೆ ನಾಲ್ಕು ದಿನ ಪ್ರವಾಸ ಹೋಗುತ್ತೇನೆಂದು ಹಟ ಹಿಡಿದಾಗ ಅಮ್ಮ ಬೇಡವೆಂದಿದ್ದಳು, ಅವನ ಕಣ್ಣು ಒಂದು ಕಡೆ ನಿಲ್ಲಲ್ಲ ಎಂದಿದ್ದಳು. ಆಗ ಅವಳು, ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ, “ನನಗೆ ಬುದ್ಧಿ ಹೇಳೋಕೆ ಮುಂಚೆ ನೀನು ನಿನ್ನ ತಿಂಗಳು ಎಣಿಸ್ಕೋ,” ಎಂದಿದ್ದಳು. ಎಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ! ಅಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಒಂದೇ ಕಡೆ ನಿಂತಿತ್ತು. ಆಮೇಲೆ ಮದುವೆಯಾದ ಹೊಸತರಲ್ಲಿ ಗಂಡನಿಗೂ ಆ ಏಳು ತಿಂಗಳ ಕಥೆಯನ್ನು ರಸವತ್ತಾಗಿ ಹೇಳಿ ನಗಿಸಿದ್ದಳು, ಮನೆಯ ಗುಟ್ಟನ್ನು ಉಡುಗೊರೆ ಕೊಡುವ ಹಾಗೆ. ಐದು ವರ್ಷದ ನಂತರ ಒಂದು ಜಗಳದಲ್ಲಿ ಅವನು ಅದನ್ನು ಹಾಗೇ ಹಿಂದಕ್ಕೆ ಕೊಟ್ಟ.

ಸಂಜೆ ಕ್ಯಾನು ಹೊತ್ತು ಬಸ್ಸಿನಲ್ಲಿ ನಿಂತೇ ಬಂದಳು. ಸೀಟಿನಲ್ಲಿದ್ದ ಹೆಂಗಸು, “ಚೀಲ ಕೊಡಿ, ತೊಡೆ ಮೇಲೆ ಇಟ್ಕೋತೀನಿ,” ಎಂದು ಕೈ ಚಾಚಿದಳು. “ಬೇಡ, ಬೇಡ,” ಎಂದು ಇವಳು ಚೀಲವನ್ನು ಎದೆಗವಚಿಕೊಂಡ ರಭಸಕ್ಕೆ ಆ ಹೆಂಗಸು ಕಳ್ಳಮಾಲು ನೋಡಿದವಳ ಹಾಗೆ ನೋಡಿದಳು. ಮನೆಗೆ ಬಂದರೆ ಫ್ರಿಜ್ಜಿನ ಕೆಳಗಿನ ಖಾನೆ ಖಾಲಿಯಾಗಿತ್ತು. ತರಕಾರಿಯೆಲ್ಲ ಮೇಜಿನ ಮೇಲೆ. “ಅದರ ಪಕ್ಕದಲ್ಲಿ ತರಕಾರಿ ಬೇಡ ಅನ್ನಿಸ್ತು,” ಎಂದಳು ಅಮ್ಮ. “ಮುಚ್ಚಳ ಇದೆಯಲ್ಲಮ್ಮಾ.” “ಇದ್ರೂ.” ಇದ್ದರೂ! ಮುಚ್ಚಳ ಇದ್ದರೂ, ನಾಳೆ ಬೆಳಗ್ಗೆ ಹೋಗುವುದಾದರೂ, ಮಗಳದ್ದಾದರೂ. ಅವಳು ಕೈತೊಳೆದು ಬಂದು ಕಾಗದ ಬಿಡಿಸಿ ಪೆನ್ನು ತೆರೆದಳು. ಒಂದೇ ಏಟಿಗೆ ಕೇಳಿ ಮುಗಿಸಿಬಿಡಬೇಕೆಂದು, ಗಿರಾಕಿಗಳನ್ನು ಕೇಳುವ ದನಿಯಲ್ಲಿ, “ಅಮ್ಮ, ಡಾಕ್ಟ್ರು ಕೇಳಿದಾರೆ. ನಾನು ಎಷ್ಟು ತಿಂಗಳಿಗೆ ಹುಟ್ಟಿದ್ದು?” ಎಂದಳು.

ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು. “ಒಂಬತ್ತು ಅಂತ ಬರಿ.”

“ಒಂಬತ್ತಾ?”

“ಎಲ್ಲಾರೂ ಹಾಗೇ ತಾನೇ ಅಂದಿದ್ದು? ನೀನೂ ಅಂದೆ. ಬರ್ಕೋ.”

“ಅಮ್ಮಾ, ಇದು ಆಸ್ಪತ್ರೆಗೆ. ತಮಾಷೆ ಅಲ್ಲ.”

“ನಾನೆಲ್ಲಿ ತಮಾಷೆ ಮಾಡ್ದೆ? ತಮಾಷೆ ಮಾಡೋರು ಬೇರೆ ಇದ್ರು. ಊರಿಗೆಲ್ಲ ಒಂದು ಉತ್ತರ, ಡಾಕ್ಟ್ರಿಗೆ ಇನ್ನೊಂದು ಯಾಕೆ?”

“ತೂಕ ಎಷ್ಟಿತ್ತು?”

“ಮೂರು ಕಿಲೋ. ಗುಂಡುಗುಂಡಗಿದ್ದೆ. ಇನ್ನೇನು ಕೇಳಿದಾರೆ?”

“ನನ್ನ ಕಿಡ್ನಿ ಎರಡೂ ಸಣ್ಣವಮ್ಮ,” ಎಂದಳು ಅವಳು. ಎರಡು ದಿನದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು, ಬೈದ ಹಾಗೆ ಬಂತು. ಅಮ್ಮನ ಬೆರಳು ಬೀನ್ಸಿನ ಮೇಲೆ ನಿಂತಿತು. ಮತ್ತೆ ನಾರು ತೆಗೆಯತೊಡಗಿದಳು. ತೆಗೆದಾಗಿದ್ದ ಕಾಯಿಂದಲೇ ಮತ್ತೆ ತೆಗೆಯುತ್ತಿದ್ದಳು. ಏನಾದರೂ ಅನ್ನಬಾರದೆ? ಅಳಬಾರದೆ, ಬೈಯಬಾರದೆ, ಯಾವತ್ತೋ ಆಡಿದ ಮಾತಿಗೆ ಇವತ್ತು ಕೆನ್ನೆಗೆ ಬಾರಿಸಬಾರದೆ? ಈ ಹೆಂಗಸಿನ ಸುಮ್ಮನಿರುವಿಕೆಯಷ್ಟು ಗದ್ದಲದ ವಸ್ತು ಇನ್ನೊಂದಿಲ್ಲ ಎಂದುಕೊಳ್ಳುತ್ತಾ ಅವಳು ಕಾಗದ ಎತ್ತಿಕೊಂಡು ಕೋಣೆಗೆ ಹೋಗಿ, ಬಾಗಿಲನ್ನು ಬೇಕೆಂದೇ ಪೂರ್ತಿ ಹಾಕದೆ, ದೊಡ್ಡತ್ತೆಗೆ ಫೋನು ಮಾಡಿದಳು.

ದೊಡ್ಡತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು, ಅರ್ಜೆಂಟು ಎಂಬ ಹೆಸರಿಟ್ಟವಳೂ ಅವಳೇ. ನಾಲ್ಕು ಜನ ಸೇರಿದಲ್ಲೆಲ್ಲ ಮದುವೆಯ ತಿಂಗಳಿಂದ ಶುರುಮಾಡಿ ಬೆರಳು ಮಡಿಸುತ್ತಾ ಬಂದು, ಏಳಕ್ಕೆ ನಿಲ್ಲಿಸಿ, ಒಂಬತ್ತಕ್ಕೆ ಕಮ್ಮಿಬಿದ್ದ ಎರಡು ಬೆರಳನ್ನು ಗಾಳಿಯಲ್ಲಿ ಕುಣಿಸುತ್ತಿದ್ದಳು. ಅಷ್ಟು ಸಾಕಿತ್ತು, ಇಡೀ ಕೋಣೆ ನಗುತ್ತಿತ್ತು. ಮಗುವಾಗಿದ್ದಾಗ ಅವಳೂ ಆ ಎರಡು ಬೆರಳು ಹಿಡಿದು ಜೋಲಿ ಹೊಡೆಯುತ್ತಾ ನಗುತ್ತಿದ್ದಳು. ಅಮ್ಮ ಒಂದೆರಡು ಸಲ, “ಅಲ್ಲ ಅತ್ತಿಗೆ, ನಿಜವಾಗ್ಲೂ ಏಳಕ್ಕೇ…” ಎಂದು ಬಾಯಿ ತೆರೆದದ್ದುಂಟು. ಆಮೇಲಾಮೇಲೆ ತೆರೆಯುವುದನ್ನೇ ಬಿಟ್ಟಳು.

“ಯಾರು, ಅರ್ಜೆಂಟಾ? ಏನೇ, ನನ್ನ ನೆನಪು ಬಂತಾ?”

“ಅತ್ತೆ, ನೀವು ನನ್ನ ಮೊದಲು ನೋಡಿದ್ದು ಯಾವಾಗ?”

“ನಿಮ್ಮಪ್ಪನಿಗೆ ಈ ಕಡೆ ವರ್ಗ ಆಯ್ತಲ್ಲ, ಆಗ. ಆರು ತಿಂಗಳ ಕೂಸು. ಕೆನ್ನೆ ಇಷ್ಟಿಷ್ಟು ದಪ್ಪ!”

“ಅದಕ್ಕೆ ಮುಂಚೆ ನೋಡಿರಲಿಲ್ವಾ?”

“ಎಲ್ಲಿ ನೋಡ್ಲಿ? ಅವರಿದ್ದದ್ದು ಒಂದು ದಿನದ ಹಾದಿ. ನನ್ನ ಮಕ್ಕಳಿಗೆ ಪರೀಕ್ಷೆ.”

“ಮತ್ತೆ ತಿಂಗಳು ತುಂಬಿ ಹುಟ್ಟಿದ್ದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಅಯ್ಯೋ, ಅಷ್ಟೂ ಗೊತ್ತಾಗಲ್ವೇನೇ? ತುಂಬದ ಕೂಸಿಗೆ ಅಂಥಾ ಕೆನ್ನೆ ಇರುತ್ತಾ? ನಗೋಕೆ ಅಂದಿದ್ದು ಕಣೇ. ನಿಮ್ಮಪ್ಪನೂ ನಗ್ತಿದ್ದ.”

ಹೌದು, ನಗುತ್ತಿದ್ದ. ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು: ಗೋಡೆಗೊರಗಿ ನಿಂತ ಅಪ್ಪ, ಅಕ್ಕನ ಬೆರಳು ನೋಡುತ್ತಾ, ಹಲ್ಲು ಕಾಣದ ಹಾಗೆ ತುಟಿಯಲ್ಲೇ ನಗು. ಅಪ್ಪ ನೋಡಿದ್ದನಲ್ಲ. ಆ ಊರಲ್ಲಿ, ಆ ಆಸ್ಪತ್ರೆಯಲ್ಲಿ ಅವನೂ ಇದ್ದನಲ್ಲ. ಒಂದೇ ಒಂದು ವಾಕ್ಯ ಸಾಕಿತ್ತು: ಇಲ್ಲಕ್ಕಾ, ಹಾಗಲ್ಲ, ನಾನು ಕಣ್ಣಾರೆ ನೋಡಿದೀನಿ. ಅಕ್ಕನ ನಗು ಕೆಡಿಸುವುದು ಅವನ ಕೈಲಾಗಲಿಲ್ಲ. ಸತ್ತು ಹನ್ನೆರಡು ವರ್ಷವಾದ ಮನುಷ್ಯನ ಕತ್ತಿನ ಪಟ್ಟಿ ಹಿಡಿದು ಕೇಳುವುದು ಹೇಗೆ? ಮಿಕ್ಕವಳು ದೊಡ್ಡತ್ತೆ. ಅವಳಿಗೂ ಈಗ ಎಂಬತ್ತು, ಒಂದು ಕಿವಿ ಕೇಳಿಸದು.

“ಅತ್ತೆ, ನನ್ನ ಕಿಡ್ನಿ ಸಣ್ಣವಂತೆ.”

“ಏನು ಸಣ್ಣದು?”

“ಕಿಡ್ನಿ!”

“ಕಿಟಕಿಯಾ?”

“ಕಿಡ್ನೀ ಅತ್ತೆ! ತಿಂಗಳು ತುಂಬದೆ ಹುಟ್ಟಿದ್ದಕ್ಕೆ ಕಿಡ್ನಿ ಬೆಳೆದಿಲ್ಲ! ಅಮ್ಮ ಹೇಳಿದ್ದು ನಿಜ! ನಿಜ!”

ಮೇಲಿನ ಮಹಡಿಯವರು ಕುರ್ಚಿ ಸರಿಸಿದ ಸದ್ದು ಕೇಳಿತು. ಅಡುಗೆಮನೆಯ ನಲ್ಲಿ ನಿಂತಿತು. “ಅಯ್ಯೋ ಪಾಪ,” ಎಂದಳು ದೊಡ್ಡತ್ತೆ ತೀರಾ ಸಣ್ಣ ದನಿಯಲ್ಲಿ, “ನೀರು ಜಾಸ್ತಿ ಕುಡಿಯಮ್ಮ.” ಇಷ್ಟೇ. ಇಷ್ಟಕ್ಕೇ ಅವಳು ಅಷ್ಟು ಕೂಗಾಡಿದ್ದು. ಫೋನು ಇಟ್ಟಮೇಲೆ ತಲೆ ಸಿಡಿಯುತ್ತಿತ್ತು, ಮಾತ್ರೆ ನುಂಗುವಂತಿಲ್ಲ. ಊಟಕ್ಕೆ ಕೂತಾಗ ಅಮ್ಮ ಬಡಿಸಿದಳು, ಅವಳು ಉಂಡಳು. ಬೀನ್ಸಿಗೆ ಉಪ್ಪೇ ಇರಲಿಲ್ಲ. ಮರೆತಳೋ, ಕಿಡ್ನಿಗೆ ಉಪ್ಪಾಗದೆಂದು ಎಲ್ಲೋ ಕೇಳಿದ್ದು ನೆನೆದು ಹಾಕಲಿಲ್ಲವೋ, ಅದನ್ನೂ ಕೇಳುವ ಹಾಗಿರಲಿಲ್ಲ.

ಬೆಳಗ್ಗೆ ಏಳಕ್ಕೆ ಕೊನೆಯದನ್ನು ತುಂಬಿಸಿ ಮುಚ್ಚಳ ಬಿಗಿದು ಹೊರಗೆ ಬಂದರೆ, ಅಮ್ಮ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು, ತಲೆ ಬಾಚಿ, ಬಾಗಿಲ ಬಳಿ ನಿಂತಿದ್ದಳು. “ನೀನೆಲ್ಲಿಗೆ?” “ಆಸ್ಪತ್ರೆಗೆ.” “ನೀನು ಯಾಕೆ?” “ಕಾಗದದಲ್ಲಿ ಬರೆಯೋಕೆ ನಿನಗೆ ಗೊತ್ತಿಲ್ವಲ್ಲ,” ಎಂದು ಅಮ್ಮ ಕ್ಯಾನಿನ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡಳು. ಬಸ್ಸಿನಲ್ಲಿ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ತಿರುವು ಬಂದಾಗಲೆಲ್ಲ ಅಂಗೈಯಿಂದ ಮುಚ್ಚಳ ಒತ್ತಿ ಹಿಡಿಯುತ್ತಾ. ಲ್ಯಾಬಿನವನು ಕ್ಯಾನನ್ನು ಬೆಳಕಿಗೆತ್ತಿ ಗೀಟು ನೋಡಿ, “ಎರಡು ಲೀಟರ್ ನೂರು!” ಎಂದು ಒಳಗಿದ್ದವನಿಗೆ ಕೂಗಿ ಹೇಳಿದ. ಕಾದಿದ್ದ ಇಪ್ಪತ್ತು ಜನರ ಕಣ್ಣೂ ಅವಳ ಮೇಲೆ. ಅವಳು ಗೋಡೆಯ ಮೇಲಿನ ಕೈತೊಳೆಯುವ ವಿಧಾನದ ಚಿತ್ರವನ್ನು ಆಸಕ್ತಿಯಿಂದ ಓದತೊಡಗಿದಳು. ಅಮ್ಮ ಮಾತ್ರ, “ಅಷ್ಟಾದ್ರೆ ಒಳ್ಳೇದಾ?” ಎಂದು ಅವನನ್ನೇ ಕೇಳುತ್ತಿದ್ದಳು.

ಡಾಕ್ಟರ ನೆಗಡಿ ಇನ್ನೂ ಹೋಗಿರಲಿಲ್ಲ. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ಮಗಳ ಕಡೆ ನೋಡದೆ, ಡಾಕ್ಟರ ಪೆನ್ನನ್ನೇ ನೋಡುತ್ತಾ ಹೇಳಿದಳು. “ಮೂವತ್ತೊಂದು ವಾರ. ಅಲ್ಲಿನ ದೊಡ್ಡ ಡಾಕ್ಟ್ರು ಲೆಕ್ಕ ಹಾಕಿ ಹೇಳಿದ್ದು. ತೂಕ ಸಾವಿರದ ಮುನ್ನೂರ ಐವತ್ತು ಗ್ರಾಂ. ಸಂಜೆ ಇನ್ನೊಬ್ಬ ನರ್ಸು ತೂಗಿದಾಗ ಸಾವಿರದ ಮುನ್ನೂರ ಮೂವತ್ತು. ಯಾವುದು ಬೇಕೋ ಬರ್ಕೊಳ್ಳಿ.” ಡಾಕ್ಟರು ಬರೆದುಕೊಂಡರು. “ಗಾಜಿನ ಪೆಟ್ಟಿಗೇಲಿ ನಲವತ್ತೊಂದು ದಿನ. ಸೂಜಿ ಮದ್ದು ದಿನಕ್ಕೆ ಎರಡು ಸಲ, ಹತ್ತು ದಿನ. ಹೆಸರು ಗೊತ್ತಿಲ್ಲ, ಹಳದಿ ಮುಚ್ಚಳದ ಸಣ್ಣ ಸೀಸೆ. ಆ ಮದ್ದು ಕಿವಿಗೂ ಕಿಡ್ನಿಗೂ ಒಳ್ಳೇದಲ್ಲ, ಕಿವಿ ನೋಡಿಸ್ಕೊಳ್ಳಿ, ಕಿಡ್ನಿ ನೋಡಿಸ್ಕೊಳ್ಳಿ ಅಂತ ಆ ಡಾಕ್ಟ್ರು ಆಗಲೇ ಅಂದಿದ್ರು. ಕಿವಿ ನೋಡಿಸ್ದೆ. ಕಿಡ್ನಿ ಹೇಗೆ ನೋಡಿಸೋದು ಅಂತ ನನಗೆ ತಿಳೀಲಿಲ್ಲ.” ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. “ಮೊದಲ ಎರಡು ದಿನ ಇವಳು ಉಚ್ಚೆನೇ ಹೊಯ್ಯಲಿಲ್ಲ. ಬಟ್ಟೆ ಎತ್ತಿ ನೋಡಿದ್ರೆ ಒಣಗಿರೋದು. ಡಾಕ್ಟ್ರು ಏನೂ ಮಾತಾಡ್ತಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಬಟ್ಟೆ ಒದ್ದೆಯಾಯ್ತು. ಅಂಗೈ ಅಗಲ ಅಷ್ಟೇ. ನಾನು ಆ ಬಟ್ಟೆ ಹಿಡ್ಕೊಂಡು ವಾರ್ಡಲ್ಲಿ ಇದ್ದೋರಿಗೆಲ್ಲ ತೋರಿಸ್ಕೊಂಡು ಬಂದೆ. ಇವರಪ್ಪ, ಸಾಕು, ಮಾನ ಹೋಗುತ್ತೆ, ಕೂತ್ಕೋ ಅಂದ್ರು.”

ಡಾಕ್ಟರ ಪೆನ್ನು ಎಲ್ಲವನ್ನೂ ಬರೆದುಕೊಂಡಿತು, ಬಟ್ಟೆ ಒದ್ದೆಯಾದದ್ದನ್ನೂ. ಅವಳು ಪಕ್ಕದ ಕುರ್ಚಿಯಲ್ಲಿ ತನ್ನ ಬಗ್ಗೆ ಬೇರೆ ಯಾರದೋ ಸುದ್ದಿ ಕೇಳುವವಳ ಹಾಗೆ ಕೂತಿದ್ದಳು. ಇಷ್ಟೂ ಈ ಹೆಂಗಸಿನ ತಲೆಯೊಳಗೆ ಗ್ರಾಂ ಲೆಕ್ಕದಲ್ಲಿತ್ತು; ಯಾರಾದರೂ ಒಂದು ಸಲ ನೆಟ್ಟಗೆ ಕೇಳಿದ್ದರೆ ಹೇಳುತ್ತಿದ್ದಳು. ಕೇಳುವುದಕ್ಕೆ ಒಬ್ಬ ನೆಗಡಿಯ ಡಾಕ್ಟರು ಬರಬೇಕಾಯಿತು. ಅಮ್ಮ ಒಂದು ಜಯದ ನೋಟ ನೋಡುತ್ತಾಳೆ, ಅದನ್ನು ಹೇಗೆ ಎದುರಿಸುವುದು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವಾಗ ಅಮ್ಮ ಡಾಕ್ಟರನ್ನು ಕೇಳಿದಳು: “ಇನ್ನೆರಡು ತಿಂಗಳು ನಾನು ತಡ್ಕೊಂಡಿದ್ರೆ ಇದು ಬರ್ತಿರಲಿಲ್ಲ ಅಲ್ವಾ? ಹಿಂದಿನ ದಿನ ನೀರು ಬಂದಿರಲಿಲ್ಲ. ಎರಡು ಬಕೆಟ್ ಎತ್ಕೊಂಡು ಮೂರನೇ ಮಹಡಿಗೆ ಹತ್ತಿದ್ದೆ.”

“ಅದು ನಿಮ್ಮ ಕೈಯಲ್ಲಿ ಇರಲಿಲ್ಲ ಅಮ್ಮ,” ಎಂದರು ಡಾಕ್ಟರು. “ಬಕೆಟ್‌ನಿಂದ ಆಯ್ತು ಅಂತ ಯಾರೂ ಹೇಳೋಕಾಗಲ್ಲ. ಆ ಕಾಲದಲ್ಲಿ ಅಷ್ಟು ತೂಕದ ಮಗು ಉಳಿದಿದ್ದೇ ದೊಡ್ಡದು.” ಆಮೇಲೆ ಮಗಳ ಕಡೆ ತಿರುಗಿ, ಬಿ.ಪಿ. ಮಾತ್ರೆ ದಿನವೂ ತಪ್ಪಬಾರದು, ಉಪ್ಪು ಕಮ್ಮಿ, ನೋವಿನ ಮಾತ್ರೆ ಇನ್ನು ಯಾವತ್ತೂ ನನ್ನನ್ನು ಕೇಳದೆ ಮುಟ್ಟಬಾರದು, ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. “ನೂರಕ್ಕೆ ಎಪ್ಪತ್ತರಷ್ಟು ಕೆಲಸ ಮಾಡ್ತಿವೆ. ಅದನ್ನ ಉಳಿಸ್ಕೊಳ್ಳೋದು ಈಗ ನಮ್ಮ ಕೆಲಸ. ಇದನ್ನ ಹತ್ತು ವರ್ಷದ ಹಿಂದ್ಯಾಕೆ ಯಾರಿಗೂ ಹೇಳಲಿಲ್ಲ? ಏಳು ತಿಂಗಳಿಗೆ ಹುಟ್ಟಿದವಳು ಅಂತ ಒಂದು ಮಾತು ಗೊತ್ತಿದ್ರೆ, ಬಿ.ಪಿ. ಏರೋ ಮುಂಚೆನೇ ಹಿಡಿಯಬಹುದಿತ್ತು.” ಔಷಧಿ ಚೀಟಿಯನ್ನು ಅಮ್ಮನೇ ಎತ್ತಿಕೊಂಡು ಎದ್ದಳು.

ಔಷಧಿ ಕೌಂಟರಿನ ಎದುರು ಬೆಂಚಿನ ಮೇಲೆ ಇಬ್ಬರೂ ಕೂತರು. ಸಾಲು ಉದ್ದಕ್ಕಿತ್ತು. ಅಮ್ಮನ ತೊಡೆಯ ಮೇಲೆ ಖಾಲಿ ಚೀಲ, ಐಸು ಕರಗಿ ತಳ ಒದ್ದೆಯಾಗಿತ್ತು. ಅವಳಿಗೆ ಮಾತು ತೆಗೆಯಬೇಕಿತ್ತು. ಗಂಟಲಿನವರೆಗೆ ಬಂದದ್ದು ಕ್ಷಮೆ, ಬಾಯಿಂದ ಹೊರಟದ್ದು ಸಿಡುಕು. “ನೀನಾದ್ರೂ ಗಟ್ಟಿಯಾಗಿ ಹೇಳ್ಬಾರದಿತ್ತಾ? ಅತ್ತೆ ಬೆರಳು ಕುಣಿಸುವಾಗ ಎರಡು ಮಾತು ಬೈದುಬಿಟ್ಟಿದ್ರೆ ಮುಗೀತಿತ್ತು. ಬಾಯಲ್ಲೇನಿತ್ತು?”

“ಹೇಳ್ಬಹುದಿತ್ತು,” ಎಂದಳು ಅಮ್ಮ. “ತುಂಬದ ಕೂಸು ಅಂತ ನಂಬಿದ್ರೆ ಆಮೇಲೆ ಎಲ್ಲಾರೂ ನಿನ್ನ ಕೈಕಾಲು ಎಣಿಸ್ತಿದ್ರು. ನಡೆದದ್ದು ತಡ, ಮಾತು ತಡ, ಬುದ್ಧಿ ಸರಿ ಇದೆಯಾ ಅಂತ. ನನ್ನ ತಿಂಗಳು ಎಣಿಸ್ಕೊಳ್ಳಿ ಬಿಡು ಅಂದ್ಕೊಂಡೆ.”

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವಳು ಎದುರಿನ ಗೋಡೆಯ ಗಡಿಯಾರ ನೋಡುತ್ತಾ ಕೂತಳು. ಅಂಗಡಿಗೆ ಹೊತ್ತಾಗಿತ್ತು, ಹಿಂದಲೆ ಮಿಡಿಯುತ್ತಿತ್ತು, ಪಕ್ಕದಲ್ಲಿ ಯಾರೋ ಫೋನಿನಲ್ಲಿ ಬಾಡಿಗೆ ಮನೆಯ ವಿಷಯ ಒದರುತ್ತಿದ್ದರು.

“ಅಮ್ಮ, ಆವತ್ತು ನಾನು…”

“ಯಾವತ್ತು?”

“ಪ್ರವಾಸಕ್ಕೆ ಹೊರಟಾಗ. ನಾನು ಒಂದು ಮಾತು ಅಂದೆನಲ್ಲ.”

ಅಮ್ಮ ಕೈಚೀಲದೊಳಗೆ ಔಷಧಿ ಚೀಟಿ ಹುಡುಕತೊಡಗಿದಳು. ಚೀಟಿ ಅವಳ ಇನ್ನೊಂದು ಕೈಯಲ್ಲೇ ಇತ್ತು. “ನೀನು ದಿನಕ್ಕೆ ಸಾವಿರ ಅಂತೀಯ. ಅದನ್ನೆಲ್ಲ ನೆನಪಿಟ್ಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?”

“ನೆನಪಿಲ್ವಾ ನಿನಗೆ?”

“ಇಲ್ಲಪ್ಪ. ಆವತ್ತು ಇಸ್ತ್ರಿ ಮಾಡ್ತಾ ಇದ್ದೆ. ದಿಂಬಿನ ಚೀಲ ಒಂದು ಸುಟ್ಟುಹೋಯ್ತು, ಹೂವಿನದು. ಅಷ್ಟೇ ನೆನಪು.” ಎಂದವಳೇ ಎದ್ದು, “ಹೀಗೆ ಕೂತಿದ್ರೆ ಮಧ್ಯಾಹ್ನ ಆಗುತ್ತೆ,” ಎಂದು ಗೊಣಗುತ್ತಾ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಹಿಂದಿನಿಂದ ಬಂದ ಒಬ್ಬ ಗಡ್ಡದ ಗಂಡಸು ಅಮ್ಮನ ಬೆನ್ನಿಗಂಟಿದಂತೆ ನಿಂತ.

ಅವಳಿಗೆ ತಡೆಯಲಾರದ ಸಿಟ್ಟು ಬಂತು. ಹುಟ್ಟಿದಾಗಿನಿಂದ ಸುಳ್ಳುಗಾತಿಯೆಂದು ತಾನು ನಂಬಿಕೊಂಡು ಬಂದ ಹೆಂಗಸಿಗೆ, ಬೇಕಾದ ಹೊತ್ತಿಗೆ ನೆಟ್ಟಗೆ ಒಂದು ಸುಳ್ಳು ಹೇಳಲೂ ಬರುವುದಿಲ್ಲವಲ್ಲ. ಬೆಂಚಿನಿಂದ ಎದ್ದು ಹೋಗಿ ಅಮ್ಮನಿಗೂ ಆ ಗಂಡಸಿಗೂ ನಡುವೆ ಇದ್ದ ಒಂದು ಗೇಣು ಜಾಗದಲ್ಲಿ ಭುಜ ತೂರಿಸಿ ನಿಂತಳು.

“ರೀ, ಸಾಲು ಇಲ್ಲಿಂದ,” ಎಂದ ಅವನು.

“ನಾನು ಇವರ ಮಗಳು,” ಎಂದಳು, ಜಗಳಕ್ಕೆ ನಿಂತವಳ ದನಿಯಲ್ಲಿ.